ಬಿಸಿಲಿಗೂ ಐದು ನಿಮಿಷ ಮಾಫಿ

ನಮ್ಮ ಗಿರಣಿಯ ಗೇಟಿನಲ್ಲಿ ಮೂವತ್ತೊಂದು ವರ್ಷ ಹಾಜರಿ ಬರೆದವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಇತ್ತು. ಸಂಬಳದ ಚೀಟಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಾಗಲಿಲ್ಲ. ನಾವೆಲ್ಲ ಅವನನ್ನು ಕರೆದದ್ದು ಐದ್ನಿಮಿಷ ಎಂದು. ಬೆಳಗಿನ ಪಾಳಿ ಎಂಟಕ್ಕೆ. ಎಂಟು ಗಂಟೆ ಐದು ನಿಮಿಷದವರೆಗೆ ಯಾರು ಏದುಸಿರು ಬಿಡುತ್ತ ಬಂದರೂ ಅವನು ತಲೆ ಎತ್ತದೆ ‘ಎಂಟು’ ಎಂದು ಬರೆಯುತ್ತಿದ್ದ. ಆರನೇ ನಿಮಿಷಕ್ಕೆ ಬಂದರೆ ಕೆಂಪು ಇಂಕು. ಬಂದವನು ಹೆಂಡತಿಯ ತಮ್ಮನಾದರೂ ಅಷ್ಟೆ, ಯೂನಿಯನ್ ಕಾರ್ಯದರ್ಶಿಯಾದರೂ ಅಷ್ಟೆ. ಆ ಕಾರ್ಯದರ್ಶಿ ನಾನೇ ಆಗಿದ್ದರಿಂದ ಈ ಮಾತನ್ನು ಎದೆ ತಟ್ಟಿ ಹೇಳುತ್ತೇನೆ.

ಇಂಥವರಿಂದ ಚಳವಳಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ನಾವು ಹೊರಗೆ ಗಂಟಲು ಹರಿದುಕೊಂಡು ಧಿಕ್ಕಾರ ಕೂಗುವಾಗ ಅವನು ಒಳಗೆ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದ. ಆದರೂ ನಿಜವನ್ನು ನುಂಗಬಾರದು. ಮಕ್ಕಳನ್ನು ಶಾಲೆಗೆ ಬಿಟ್ಟು ಓಡಿ ಬರುವ ಹೆಂಗಸರಿಗೆ ನಮ್ಮ ಯೂನಿಯನ್ನು ಹತ್ತು ವರ್ಷ ಕೂಗಿ ಕೊಡಿಸಲಾಗದ್ದನ್ನು ಅವನು ಒಂದು ಪೆನ್ನಿನಿಂದ ಕೊಟ್ಟಿದ್ದ. ಅದೂ ಯಾರಿಗೂ ಹೇಳದೆ. ದಿನಾ ಎರಡು ಮೂರು ಕೆಂಪು ಗೆರೆ ನೋಡಿದ ಮಾಲೀಕರು, ಇಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನೊಬ್ಬನಿಲ್ಲ ಎಂದು ನಂಬಿದ್ದರು. ಆಳುಗಳು ಅವನಂಥ ದಯಾವಂತ ಇಲ್ಲ ಎನ್ನುತ್ತಿದ್ದರು. ಇಬ್ಬರೂ ಒಂದೇ ಪುಸ್ತಕ ನೋಡಿ ಹೇಳಿದ ಮಾತು ಅದು.

ನಿವೃತ್ತಿಯಾದ ಮೇಲೆ ಅವನು ಮನೆಗೆ ಗೇಟು ಹಾಕಿದ. ಹಾಲಿನವನು ಬಂದದ್ದು, ನೀರು ಬಂದದ್ದು, ಹೆಂಡತಿ ಸ್ನಾನದ ಮನೆಗೆ ಹೋದದ್ದು ಮತ್ತು ಹೊರಬಂದದ್ದು ಎಲ್ಲವೂ ಕ್ಯಾಲೆಂಡರಿನ ಹಿಂಬದಿಗೆ ಏರಿದವು. ಆಕೆಯೇನು ಮೆತ್ತಗಿನ ಹೆಂಗಸಲ್ಲ. ಎದುರು ಸಾಲಿನಲ್ಲಿರುವ ದೊಡ್ಡ ಲಾಂಡ್ರಿಯಲ್ಲಿ, ತಗಡಿನ ಸೂರಿನ ಕೆಳಗೆ ಇಪ್ಪತ್ತೆರಡು ಹೆಂಗಸರು ಆಸ್ಪತ್ರೆಯ, ಹೋಟೆಲುಗಳ ಬೆಡ್‌ಶೀಟುಗಳಿಗೆ ಇಸ್ತ್ರಿ ಮಾಡುತ್ತಾರೆ. ಅವರಿಗೆಲ್ಲ ಆಕೆ ಮೇಸ್ತ್ರಿ. ಅವರ ಬಾಯಲ್ಲಿ ಮೇಸ್ತ್ರಿ ಅಕ್ಕ.

"ರೀ, ನಾನು ಅಡುಗೆಗೆ ಉಪ್ಪು ಹಾಕಿದ್ದಕ್ಕೂ ಟೈಮ್ ಬರೀತೀರಾ? ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ನಿಮ್ಮನ್ನ ನೋಡೇ ಗಾದೆ ಕಟ್ಟಿರಬೇಕು" ಎಂದಳು. ಆಮೇಲೆ ರೇಡಿಯೊ, ಮೊಬೈಲು ರಿಪೇರಿ ಅಂಗಡಿ ಇಟ್ಟಿದ್ದ ತಮ್ಮನನ್ನು ಕರೆದು ಹೇಳಿದಳು: "ಲೋ, ನಿಮ್ಮ ಭಾವನಿಗೆ ಹಾಜರಿ ಹಾಕೋಕೆ ಏನಾದ್ರೂ ತಂದುಕೊಡೋ. ನಾಯಿ ಆದ್ರೂ ಸರಿ."

ತಮ್ಮ ನಾಯಿ ತರಲಿಲ್ಲ. ಯಾವನೋ ಗಿರಾಕಿ ರಿಪೇರಿಗೆ ಕೊಟ್ಟು ಮರೆತುಹೋದ ಒಂದು ಪೆಟ್ಟಿಗೆ ತಂದ. ಮನೆಯಲ್ಲೇ ಇಟ್ಟುಕೊಳ್ಳುವ ಹವಾಮಾನ ಕೇಂದ್ರವಂತೆ. ಬಿಳೀ ಪ್ಲಾಸ್ಟಿಕ್ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಂಥ ಗೂಡು, ಅದರೊಳಗೆ ಸೆಕೆ ಮತ್ತು ತೇವ ಅಳೆಯುವ ಸೆನ್ಸರು. ಗಾಳಿಗೆ ತಿರುಗುವ ಮೂರು ಬಟ್ಟಲು. ಮಳೆನೀರು ತುಂಬಿದರೆ ಮಗುಚಿಕೊಳ್ಳುವ ಒಂದು ಪುಟ್ಟ ತೊಟ್ಟಿ. ಇವನ್ನು ಮಾಳಿಗೆ ಮೇಲೆ ಕಂಬಕ್ಕೆ ಕಟ್ಟಿದರು. ತಂತಿ ಗಿಂತಿ ಇಲ್ಲ, ರೇಡಿಯೊ ಮೂಲಕ ಸುದ್ದಿ ಕಳಿಸುತ್ತವೆ. ಕೆಳಗಿನ ಕೋಣೆಯಲ್ಲಿ ಮಂಚದ ಪಕ್ಕ ಒಂದು ಹಳೇ ಕಂಪ್ಯೂಟರು, ಅದಕ್ಕೆ ಚುಚ್ಚಿದ ಹೆಬ್ಬೆರಳಿನಷ್ಟು ಸಾಧನ, ಸುದ್ದಿ ಹಿಡಿದು ಬರೆದಿಡುವ ಒಂದು ಪ್ರೋಗ್ರಾಮು.

"ಏನಿಲ್ಲ ಭಾವ," ಎಂದ ತಮ್ಮ. "ಈ ಪ್ರೋಗ್ರಾಮು ಹತ್ತು ನಿಮಿಷಕ್ಕೊಂದು ಸಲ ಒಬ್ಬೊಬ್ಬ ಸೆನ್ಸರನ್ನೂ ಕೂಗುತ್ತೆ. ಉತ್ತರ ಬಂದ್ರೆ ಬರ್ಕೊಳ್ಳುತ್ತೆ. ಬರದಿದ್ರೆ ಖಾಲಿ ಬಿಡುತ್ತೆ."

"ಅಂದ್ರೆ ಹಾಜರಿ," ಎಂದ ಐದ್ನಿಮಿಷ. ಅವನ ಮುಖದಲ್ಲಿ ನಾನು ಅಂಥ ಬೆಳಕನ್ನು ಮದುವೆಯ ದಿನವೂ ನೋಡಿರಲಿಲ್ಲ.

ಒಂದು ತಿಂಗಳು ಭಾವಮೈದುನನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಪ್ರೋಗ್ರಾಮು ಓದಲು, ಒಂದೆರಡು ಸಾಲು ಬರೆಯಲು ಕಲಿತ. ಎರಡು ಬೆರಳಲ್ಲಿ, ಒಂದೊಂದು ಅಕ್ಷರಕ್ಕೂ ಕನ್ನಡಕ ಸರಿಪಡಿಸಿಕೊಂಡು. ‘ಹೀಗಿದ್ದರೆ ಹಾಗೆ ಮಾಡು’ ಎಂಬ ಬಗೆಯ ಸಾಲು ಅವನಿಗೆ ಬಲು ಹಿಡಿಸಿತು. ಸೆನ್ಸರು ಉತ್ತರ ಕೊಡದಿದ್ದರೆ ಖಾಲಿ ಬಿಡುವ ಬದಲು ‘ಗೈರು’ ಎಂದು ಬರೆಯುವ ಹಾಗೆ ಮಾಡಿದ. ಸೆಕೆಯ ಸೆನ್ಸರು ಶಿಸ್ತಿನ ಆಳು, ಒಂದು ದಿನವೂ ತಪ್ಪಿಸುವುದಿಲ್ಲ ಎನ್ನುತ್ತಿದ್ದ. ಗಾಳಿಯದು ಶುದ್ಧ ಕಳ್ಳ. "ನೋಡು, ಬೆಳಗ್ಗೆಯಿಂದ ಸೊನ್ನೆ, ಸೊನ್ನೆ, ಸೊನ್ನೆ. ಮೇಲೆ ಹೋಗಿ ನೋಡಿದ್ರೆ ಬಟ್ಟಲಿನಲ್ಲಿ ಜೇಡ ಮನೆ ಮಾಡಿದೆ. ಕೆಲಸದ ಜಾಗದಲ್ಲಿ ಸಂಸಾರ!" ನನಗೆ ಹೀಗೆ ದೂರು ಹೇಳುತ್ತಿದ್ದ. ಹೆಂಡತಿಯ ಸ್ನಾನಕ್ಕೆ ಸ್ವಾತಂತ್ರ್ಯ ಬಂತು.

ಆ ವರ್ಷದ ಬೇಸಿಗೆ ಮನುಷ್ಯರಿಗಾಗಿ ಬಂದದ್ದಲ್ಲ. ಲಾಂಡ್ರಿಯ ಇಸ್ತ್ರಿ ಮನೆಯೊಳಗೆ ಹೆಂಗಸರು ಬದುಕಿದ್ದಂತೆಯೇ ಬೆಂದರು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಇಸ್ತ್ರಿ ನಿಲ್ಲಿಸಿ, ಕೂಲಿ ಕಡಿಯಬೇಡಿ ಎಂದು ಮೇಸ್ತ್ರಿ ಅಕ್ಕ ಮ್ಯಾನೇಜರನ ಎದುರು ನಿಂತಳು. ಮ್ಯಾನೇಜರನ ಕೋಣೆಯಲ್ಲಿ ಒಂದು ಉಷ್ಣಮಾಪಕ ಇತ್ತು, ತಣ್ಣೀರಿನ ಡ್ರಮ್ಮಿನ ಪಕ್ಕಕ್ಕೆ ನೇತುಹಾಕಿದ್ದು. ಅದು ಮೂವತ್ತೊಂದನ್ನು ದಾಟಿದ ಇತಿಹಾಸವಿಲ್ಲ.

"ತಾಳಿದವನು ಬಾಳಿಯಾನು ಕಣಮ್ಮ" ಎಂದ ಮ್ಯಾನೇಜರ್.

"ತಾಳಿ ತಾಳಿ ಬೆಂದವನೂ ಬಾಳಿಯಾನಾ ಸಾರ್?" ಎಂದಳು ಆಕೆ.

ವಾರದ ಹಗ್ಗಜಗ್ಗಾಟದ ನಂತರ ಒಂದು ಕಾಗದವಾಯಿತು. ಮಧ್ಯಾಹ್ನ ಎರಡು ಗಂಟೆಗೆ ಉಷ್ಣಾಂಶ ನಲವತ್ತು ಡಿಗ್ರಿಯನ್ನು ದಾಟಬೇಕು. ಹಾಗೆ ಮೂರು ದಿನ ಸಾಲಾಗಿ ದಾಟಿದರೆ ಬೇಸಿಗೆ ಮುಗಿಯುವ ತನಕ ಎರಡು ತಾಸಿನ ಬಿಡುವು. ಯಾರ ಯಂತ್ರದ ಮಾತು ನಂಬುವುದು ಎಂದು ಬಂದಾಗ ಎರಡೂ ಕಡೆಯವರು ಒಂದೇ ಬಾಯಲ್ಲಿ ಐದ್ನಿಮಿಷನ ಯಂತ್ರ ಎಂದರು. ಒಂದು ನಿಮಿಷವೂ ಬಿಟ್ಟುಕೊಡದ ಮನುಷ್ಯ ಎಂದು ಮ್ಯಾನೇಜರ್ ಕೇಳಿದ್ದ. ಐದು ನಿಮಿಷ ಬಿಟ್ಟುಕೊಡುವ ಮನುಷ್ಯ ಎಂದು ಹೆಂಗಸರು ಬಲ್ಲರು. ಪ್ರತಿದಿನ ಎರಡು ಗಂಟೆಯ ಅಂಕಿಯನ್ನು ಅವನು ಒಂದು ಚೀಟಿಯಲ್ಲಿ ಬರೆದು ರುಜು ಹಾಕಿ ಕೊಡಬೇಕೆಂದು ತೀರ್ಮಾನವಾಯಿತು. ಹೆಂಗಸರ ಪರವಾಗಿ ಕಾಗದ ಬರೆದವನು ನಾನು. ‘ಮುಟ್ಟಿದರೆ’ ಎಂದು ನಾನು, ‘ದಾಟಿದರೆ’ ಎಂದು ಮ್ಯಾನೇಜರ್ ಒಂದು ಗಂಟೆ ಜಗಳವಾಡಿ, ಕೊನೆಗೆ ಅವನೇ ಗೆದ್ದಿದ್ದ.

ಮೊದಲ ದಿನದ ಚೀಟಿ: ನಲವತ್ತು ಪಾಯಿಂಟ್ ಸೊನ್ನೆ. ಎರಡನೇ ದಿನ: ನಲವತ್ತು ಪಾಯಿಂಟ್ ಸೊನ್ನೆ.

ಮೂರನೇ ದಿನ ಒಂದೂವರೆಗೆ ಕೊನೆಯ ಮೇಜಿನ ಹೆಂಗಸು ಆಸ್ಪತ್ರೆಯ ಬೆಡ್‌ಶೀಟಿನ ಮೇಲೆಯೇ ಕುಸಿದಳು. ಅವಳ ಇಸ್ತ್ರಿ ಪೆಟ್ಟಿಗೆ ಶೀಟಿನ ಮೇಲೆ ಕಂದು ಬಣ್ಣದ ದೋಣಿಯೊಂದನ್ನು ಬರೆಯಿತು. ಓಡಿಬಂದ ಮ್ಯಾನೇಜರ್ ಮೊದಲು ಶೀಟನ್ನು ನೋಡಿದ, ಆಮೇಲೆ ಅವಳನ್ನು. ಮುಖಕ್ಕೆ ನೀರು ಹಾಕಿ ಅವಳನ್ನು ಕೂರಿಸುವ ಹೊತ್ತಿಗೆ ಚೀಟಿ ಬಂತು. ನಲವತ್ತು ಪಾಯಿಂಟ್ ಸೊನ್ನೆ.

"ಮುಟ್ಟಿದೆ, ದಾಟಿಲ್ಲ" ಎಂದ ಮ್ಯಾನೇಜರ್. ಹಾಗೆನ್ನುವಾಗ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಸಂಜೆ ಮೇಸ್ತ್ರಿ ಅಕ್ಕ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ. ತಮ್ಮನನ್ನು ಕರೆಸಿದಳು. ನಾನೂ ಅಲ್ಲೇ ಇದ್ದೆ.

"ಈ ಯಂತ್ರ ಕೆಟ್ಟಿದೆಯೋ, ಇಲ್ಲ ಆ ಸೂರ್ಯನೇ ಮ್ಯಾನೇಜರ್ ಕಡೆ ಸೇರಿದ್ದಾನೋ, ನೋಡು."

ತಮ್ಮ ಪರದೆಯ ಮೇಲೆ ಅಂಕಿಗಳನ್ನು ಉರುಳಿಸುತ್ತ ಹೋದ. ಸ್ವಲ್ಪ ಹೊತ್ತಿಗೆ ಅವನ ಹುಬ್ಬು ಮೇಲೇರಿತು.

"ಅಕ್ಕ, ಇದರಲ್ಲಿ ಪಾಯಿಂಟ್ ಸೊನ್ನೆ ಇದೆ. ಆರು, ಏಳು, ಎಂಟು, ಒಂಬತ್ತು ಇದೆ. ಎರಡು ತಿಂಗಳಲ್ಲಿ ಒಂದೇ ಒಂದು ಸಲವೂ ಒಂದರಿಂದ ಐದರವರೆಗೆ ಇಲ್ಲ! ಸೊನ್ನೆಯಿಂದ ಆರಕ್ಕೆ ನೆಗೆಯೋ ಸೆನ್ಸರನ್ನ ನಾನೆಲ್ಲೂ ನೋಡಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ಐದ್ನಿಮಿಷ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದ.

ತಮ್ಮ ಪ್ರೋಗ್ರಾಮು ತೆರೆದ. ಸಾಲು ಸಿಕ್ಕಿತು. ಅಂಕಿ ಪೂರ್ಣ ಡಿಗ್ರಿಯನ್ನು ಅರ್ಧ ಡಿಗ್ರಿಯೊಳಗೆ ಮೀರಿದ್ದರೆ, ಮೀರಿಲ್ಲ ಎಂದು ಬರೆದುಕೋ. ಅಷ್ಟೆ.

"ಭಾವ," ಎಂದ ತಮ್ಮ. ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. "ಬಿಸಿಲಿಗೂ ಐದು ನಿಮಿಷ ಮಾಫಿ ಕೊಟ್ಟಿದ್ದೀರಾ?"

"ಕಲಿಯೋವಾಗ ಬರೆದದ್ದು ಕಣೋ" ಎಂದ ಐದ್ನಿಮಿಷ. "ಮೂವತ್ತನ್ನ ಚೂರು ದಾಟಿ ಮೂವತ್ತು ಪಾಯಿಂಟ್ ಎರಡು ಅಂತ ಬರ್ತಿತ್ತು. ಪಾಪ, ಇಷ್ಟಕ್ಕೆಲ್ಲ ಯಾಕೆ ಬರೀಬೇಕು ಅಂತ… ಕೈ ತಾನಾಗೇ ಬರೀತು. ಆಮೇಲೆ ಮರೆತೇ ಹೋಯ್ತು."

"ಸೂರ್ಯನಿಗೆ ಪಾಪ ಅಂದ್ರಾ?" ಎಂದಳು ಹೆಂಡತಿ. ದನಿ ಏರಿರಲಿಲ್ಲ. ಏರಿದ್ದರೆ ನಮಗೆ ಅಷ್ಟು ಭಯವಾಗುತ್ತಿರಲಿಲ್ಲ. "ಅಲ್ಲಿ ಒಬ್ಬಳು ಸತ್ತು ಬದುಕಿದ್ಲು. ನಿಜವಾಗಿ ಎಷ್ಟಿತ್ತು?"

"ಗೊತ್ತಿಲ್ಲ ಅಕ್ಕ" ಎಂದ ತಮ್ಮ, ಈಗ ನಗದೆ. "ತಿದ್ದಿದ ಮೇಲೆ ಉಳಿಸಿದ್ದಾರೆ. ಅಸಲು ಅಂಕಿ ಎಲ್ಲೂ ಇಲ್ಲ. ನಲವತ್ತು ಪಾಯಿಂಟ್ ಐದೂ ಇರಬಹುದು, ಬರೀ ನಲವತ್ತೂ ಇರಬಹುದು."

ಈಗ ಉಳಿದದ್ದು ಒಂದೇ ದಾರಿ. ಐದ್ನಿಮಿಷ ಮ್ಯಾನೇಜರನ ಮುಂದೆ ನಿಂತು, ‘ಅಂಕಿ ತಿದ್ದಿದವನು ನಾನೇ, ಹೊಸದಾಗಿ ಮೂರು ದಿನ ಎಣಿಸಿ’ ಎಂದು ಕೇಳುವುದು. ಕೇಳಿದರೆ ಮೂವತ್ತೊಂದು ವರ್ಷ ಕಾಪಾಡಿಕೊಂಡ ಹೆಸರು ಬೀದಿಪಾಲು. ಕೇಳದಿದ್ದರೆ ಹೆಂಗಸರು ಬೇಸಿಗೆ ಪೂರ್ತಿ ಬೇಯಬೇಕು. ಅವನು ಅವತ್ತು ಊಟ ಮಾಡಲಿಲ್ಲ. ಹೆಂಡತಿ ಮಾಡಿ ಎಂದೂ ಹೇಳಲಿಲ್ಲ.

ಮರುದಿನ ಬೆಳಗ್ಗೆ, ಲಾಂಡ್ರಿಯ ಗೇಟಿನ ಬಳಿ, ಇಪ್ಪತ್ತೆರಡು ಹೆಂಗಸರ ಎದುರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಐದು ನಿಮಿಷ ಮಾಫಿಯ ಹಳೇ ಅಭ್ಯಾಸವನ್ನೂ ಸೇರಿಸಿ, ಎಲ್ಲ ಹೇಳಿದ. ಶಾಲೆಯ ಹುಡುಗ ಪದ್ಯ ಒಪ್ಪಿಸುವ ಹಾಗೆ, ಎಲ್ಲೂ ನಿಲ್ಲದೆ.

ಮ್ಯಾನೇಜರ್ ಬಾಯಿ ತೆರೆದುಕೊಂಡು ನಿಂತ. "ಅಂದ್ರೆ ಗಿರಣಿಯಲ್ಲೂ ಮೂವತ್ತೊಂದು ವರ್ಷ ಸುಳ್ಳು ಬರೆದಿರಾ?"

"ಹೂಂ ಸಾರ್. ಆದ್ರೆ ಐದು ನಿಮಿಷದ ಮೇಲೆ ಒಂದು ಸೆಕೆಂಡೂ ಇಲ್ಲ."

"ಸುಳ್ಳು!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಅವಳ ಅಪ್ಪ ಗಿರಣಿಯಲ್ಲಿ ನಮ್ಮ ಜೊತೆ ಇದ್ದವನು. "ನಮ್ಮಪ್ಪನಿಗೆ ನಾಲ್ಕು ನಿಮಿಷಕ್ಕೇ ಕೆಂಪು ಇಂಕು ಹಾಕಿದ್ರಿ! ಅವತ್ತು ಬಸ್ಸಿನ ಟೈರು ಒಡೆದಿತ್ತು!"

"ಏಳು ನಿಮಿಷ ಆಗಿತ್ತು ಕಣಮ್ಮ" ಎಂದ ಐದ್ನಿಮಿಷ. "ನಿಮ್ಮಪ್ಪ ಮನೇಲಿ ನಾಲ್ಕು ಅಂತ ಹೇಳಿದ್ದಾನೆ."

ಹೆಂಗಸರೆಲ್ಲ ಗೊಳ್ಳೆಂದರು. ಮ್ಯಾನೇಜರನೂ ನಕ್ಕ. ನಕ್ಕವನಿಗೆ ಆಮೇಲೆ ಗಟ್ಟಿಯಾಗಿ ಬೈಯುವುದು ಕಷ್ಟ. ತನ್ನ ಗುಮಾಸ್ತನನ್ನು ಕಳಿಸಿ ಪ್ರೋಗ್ರಾಮಿನಲ್ಲಿ ಆ ಸಾಲು ಅಳಿಸಿದ್ದನ್ನು ನೋಡಿಸಿದ. ಹೊಸದಾಗಿ ಎಣಿಕೆ ಶುರುವಾಯಿತು.

ಮೊದಲ ದಿನ ನಲವತ್ತು ಪಾಯಿಂಟ್ ಏಳು. ಎರಡನೇ ದಿನ ನಲವತ್ತೊಂದು ಪಾಯಿಂಟ್ ಎರಡು. ಹೆಂಗಸರು ಮಧ್ಯಾಹ್ನದ ನಿದ್ದೆಗೆ ಚಾಪೆ ಯಾರು ತರಬೇಕೆಂದು ಮಾತಾಡಿಕೊಳ್ಳತೊಡಗಿದರು.

ಮೂರನೇ ದಿನ ಹನ್ನೆರಡಕ್ಕೆ ಎಲ್ಲಿಂದಲೋ ಒಂದು ಮೋಡ ಬಂತು. ಮಳೆ ಸುರಿಸುವ ಯೋಗ್ಯತೆ ಅದಕ್ಕಿರಲಿಲ್ಲ. ಸುಮ್ಮನೆ ಬಂದು, ಬೀದಿಯ ಮೇಲೆ ಎಮ್ಮೆಯ ಹಾಗೆ ಮಲಗಿತು. ಎರಡಕ್ಕೆ ಹತ್ತು ನಿಮಿಷ ಇರುವಾಗ ಮ್ಯಾನೇಜರ್ ತಾನೇ ಬಂದು ಅವರ ಮನೆಯ ಜಗಲಿಯಲ್ಲಿ ಕೂತು ಕರವಸ್ತ್ರದಿಂದ ಗಾಳಿ ಬೀಸಿಕೊಳ್ಳತೊಡಗಿದ. ಒಳಕೋಣೆಯಲ್ಲಿ ಪರದೆಯ ಮುಂದೆ ಗಂಡ, ಅವನ ಹೆಗಲ ಹಿಂದೆ ಹೆಂಡತಿ, ಬಾಗಿಲಿಗೊರಗಿ ತಮ್ಮ ಮತ್ತು ನಾನು.

ಎರಡು ಗಂಟೆಗೆ ಅಂಕಿ ಬಂತು. ಮೂವತ್ತೊಂಬತ್ತು ಪಾಯಿಂಟ್ ಎಂಟು.

ಹೆಂಡತಿ ಜಗಲಿಯ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ಹೇಳಿದಳು: "ಚೀಟಿ ಮೇಲೆ ನಲವತ್ತು ಪಾಯಿಂಟ್ ಎರಡು ಅಂತ ಬರೀರಿ. ಅವನೇನು ಒಳಗೆ ಬಂದು ನೋಡಲ್ಲ."

ಐದ್ನಿಮಿಷ ಪೆನ್ನು ಹಿಡಿದು ಕೂತೇ ಇದ್ದ.

"ಊರಲ್ಲಿ ತಡವಾಗಿ ಬಂದೋರಿಗೆಲ್ಲ ಐದೈದು ನಿಮಿಷ ಕೊಟ್ರಿ. ಕಟ್ಟಿಕೊಂಡವಳು ಕೇಳ್ತಿದೀನಿ, ನಾಲ್ಕು ಪಾಯಿಂಟ್ ಇಲ್ವಾ?"

ನಾನಾಗಿದ್ದರೆ ಬರೆದುಬಿಡುತ್ತಿದ್ದೆ. ಮ್ಯಾನೇಜರಿಗೆ ಸುಳ್ಳು ಹೇಳುವುದನ್ನು ನಾನೆಂದೂ ಪಾಪದ ಲೆಕ್ಕಕ್ಕೆ ಹಿಡಿದವನಲ್ಲ. ಬರಿ ಮಾರಾಯ ಎಂದು ಹೇಳಿಯೂ ಹೇಳಿದೆ.

"ಅವರು ಬಂದಿದ್ರು ಕಣೇ" ಎಂದ ಐದ್ನಿಮಿಷ. "ತಡವಾಗಿಯಾದ್ರೂ ಬಂದಿದ್ರು. ಬಂದೋರನ್ನ ಬಂದ್ರು ಅಂತ ಬರೆದೆ. ಇದು ಬಂದೇ ಇಲ್ಲ."

ಮೂವತ್ತೊಂಬತ್ತು ಪಾಯಿಂಟ್ ಎಂಟು ಎಂದು ಬರೆದು, ರುಜು ಹಾಕಿ, ಚೀಟಿಯನ್ನು ಹೆಂಡತಿಯ ಕೈಗೇ ಕೊಟ್ಟ. ಆಕೆ ಅವನನ್ನು ನೋಡಿದ ಆ ನೋಟವಿದ್ದರೆ ಇಸ್ತ್ರಿ ಪೆಟ್ಟಿಗೆಗೆ ಕರೆಂಟೇ ಬೇಕಾಗುತ್ತಿರಲಿಲ್ಲ.

ಜಗಲಿಯಲ್ಲಿ ಮ್ಯಾನೇಜರ್ ಚೀಟಿ ಓದಿ ಎದ್ದು ನಿಂತ. ಗೆದ್ದವನಿಗೆ ಧಾರಾಳತನ ಉಕ್ಕುತ್ತದೆ. "ನಿಮ್ಮ ಯಜಮಾನರು ಚಿನ್ನದಂಥ ಮನುಷ್ಯ ಕಣಮ್ಮ! ಹೆಂಡತಿ ಪಕ್ಕದಲ್ಲೇ ಇದ್ರೂ ಅಂಕಿ ಬದಲಾಯಿಸಲಿಲ್ಲ ನೋಡಿ. ಇನ್ಮೇಲೆ ಈ ಯಂತ್ರ ಏನು ಹೇಳಿದ್ರೂ ನಾನು ಕಣ್ಣು ಮುಚ್ಚಿ ಒಪ್ತೀನಿ."

"ಏನು ಹೇಳಿದ್ರೂ?"

"ಏನು ಹೇಳಿದ್ರೂ."

ಮೇಸ್ತ್ರಿ ಅಕ್ಕ ಅಲ್ಲೇ ನಿಂತಳು. ಅವಳ ಕಣ್ಣು ಎದುರಿನ ತಗಡಿನ ಸೂರಿನ ಮೇಲೆ, ಅಲ್ಲಿಂದ ತನ್ನ ಮನೆಯ ಮಾಳಿಗೆಯ ಮೇಲೆ, ಮತ್ತೆ ಸೂರಿನ ಮೇಲೆ ಹೋಯಿತು.

"ರೀ!" ಎಂದು ಕೂಗಿದಳು. "ಮೇಲೆ ಹೋಗಿ ಆ ಬಿಳೀ ಗೂಡು ಬಿಚ್ಚಿಕೊಂಡು ಬನ್ನಿ. ಲೋ ತಮ್ಮ, ಅದರ ರೇಡಿಯೊ ಎದುರುಗಡೆಯಿಂದ ಇಲ್ಲಿಗೆ ಮುಟ್ಟುತ್ತೇನೋ?"

"ಮೂವತ್ತು ಹೆಜ್ಜೆ ತಾನೇ? ಮುಟ್ಟುತ್ತೆ ಅಕ್ಕ."

ಮ್ಯಾನೇಜರಿಗೆ ಅರ್ಥವಾಗುವಷ್ಟರಲ್ಲಿ ಗೂಡು ಬೀದಿ ದಾಟಿ, ಇಸ್ತ್ರಿ ಮನೆಯೊಳಗೆ, ಕೊನೆಯ ಮೇಜಿನ ಮೇಲೆ ಬಟ್ಟೆ ಹಾಕುವ ತಂತಿಗೆ ತೂಗುತ್ತಿತ್ತು. ಹೆಂಗಸರು ಸುತ್ತ ನೆರೆದರು. ಹತ್ತು ನಿಮಿಷ ಕಾಯಬೇಕಿತ್ತು. ಮ್ಯಾನೇಜರನೂ ಕಾದ. ಆ ಕೋಣೆಯಲ್ಲಿ ಅವನು ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. ನಾಲ್ಕನೇ ನಿಮಿಷಕ್ಕೆ ಕೊರಳ ಗುಂಡಿ ಬಿಚ್ಚಿದ, ಏಳನೆಯದಕ್ಕೆ ಎರಡನೇ ಗುಂಡಿ. ಆಮೇಲೆ ಗೋಡೆ ಹಿಡಿದುಕೊಂಡ.

ಎದುರು ಮನೆಯ ಕಿಟಕಿಯಿಂದ ತಮ್ಮ ಕೂಗಿದ: "ನಲವತ್ತಾರು ಪಾಯಿಂಟ್ ಎರಡು!"

"ಇದು ಹವಾಮಾನ ಅಲ್ಲ!" ಎಂದ ಮ್ಯಾನೇಜರ್. "ಯಂತ್ರ ಮಾಳಿಗೆ ಮೇಲಿರಬೇಕು!"

"ಮಾಳಿಗೆ ಮೇಲೆ ಇಸ್ತ್ರಿ ಮಾಡೋರು ಯಾರೂ ಇಲ್ಲ ಸಾರ್. ಕಾಗದದಲ್ಲಿ ಮಾಳಿಗೆ ಅಂತ ಇದೆಯಾ?"

ಕಾಗದ ತರಿಸಿದರು. ಯಂತ್ರ ತೋರಿಸಿದ ಉಷ್ಣಾಂಶ ಎಂದಿತ್ತು. ಯಂತ್ರ ಎಲ್ಲಿರಬೇಕು ಎಂದು ಒಂದಕ್ಷರವೂ ಇರಲಿಲ್ಲ. ‘ದಾಟಿದರೆ’ಗೆ ಒಂದು ಗಂಟೆ ಬಡಿದಾಡಿದ ನಾವಿಬ್ಬರೂ ಅದನ್ನು ಯೋಚಿಸಿಯೇ ಇರಲಿಲ್ಲ. ಸೆಕೆ ಇರುವುದು ಒಳಗೆ. ಅಳತೆ ಮಾತ್ರ ಇಷ್ಟು ದಿನ ಹೊರಗಿನದು. ಅಳೆದವನು, ಬರೆದವನು, ರುಜು ಹಾಕಿದವನು, ಎಲ್ಲ ಗಂಡಸರು. ಇಸ್ತ್ರಿ ಮನೆಯೊಳಗೆ ಒಂದು ತಾಸು ನಿಂತವರು ಒಬ್ಬರೂ ಇಲ್ಲ. "ನಿಮ್ಮ ಯೂನಿಯನ್ ಬುದ್ಧಿಗಿಷ್ಟು" ಎಂದು ಮೇಸ್ತ್ರಿ ಅಕ್ಕ ನನ್ನ ಕಡೆ ತಿರುಗಿ ಹೇಳಿದಳು.

"ಯಂತ್ರ ಸುಳ್ಳು ಹೇಳುತ್ತೆ ಅಂತೀರಾ?" ಎಂದು ಅವಳು ಮ್ಯಾನೇಜರನನ್ನು ಕೇಳಿದಳು. "ಇಲ್ಲ ನಮ್ಮ ಯಜಮಾನರು ಹೇಳ್ತಾರೆ ಅಂತೀರಾ? ಈಗ ತಾನೇ ನಿಮ್ಮ ಕಡೆ ಬರೆದುಕೊಟ್ರು."

ಮ್ಯಾನೇಜರ್ ಐದ್ನಿಮಿಷನ ಮುಖ ನೋಡಿದ. ಆ ಮುಖದಲ್ಲಿ ಹಿಡಿಯಲು ಏನೂ ಸಿಗಲಿಲ್ಲ. ಆ ಚೀಟಿ ನಲವತ್ತು ಪಾಯಿಂಟ್ ಎರಡು ಎಂದಿದ್ದರೆ ಆಡಲು ಅವನಿಗೆ ನೂರು ಮಾತಿದ್ದವು. ಅಷ್ಟರಲ್ಲಿ ಹೆಂಗಸರು ಇಪ್ಪತ್ತೆರಡು ಇಸ್ತ್ರಿ ಪೆಟ್ಟಿಗೆಗಳನ್ನು ನಿಲ್ಲಿಸಿದರು. ಯಾರೂ ಘೋಷಣೆ ಕೂಗಲಿಲ್ಲ. ಪೆಟ್ಟಿಗೆಗಳು ಒಂದಾದ ಮೇಲೊಂದು ಟಕ್ ಟಕ್ ಎಂದವು. ಮೂರು ದಿನ ಇಲ್ಲಿಯೇ ಅಳೆಯೋಣ, ಅಲ್ಲಿಯವರೆಗೆ ಎಲ್ಲರೂ ಕೆಲಸ ಮಾಡಿ ಎಂದು ಅವನು ಗೋಗರೆದ. ಮೇಸ್ತ್ರಿ ಅಕ್ಕ ಒಪ್ಪಿದಳು. ಆದರೆ ಎರಡು ಗಂಟೆಗೆ ಅವನೂ ಬಂದು ಹತ್ತು ನಿಮಿಷ ನಿಲ್ಲಬೇಕು ಎಂದಳು. ಅವನು ಎರಡು ದಿನ ನಿಂತ. ಮೂರನೇ ದಿನ ಹನ್ನೆರಡಕ್ಕೇ ಗುಮಾಸ್ತನ ಕೈಯಲ್ಲಿ ಬಿಡುವಿಗೆ ಒಪ್ಪಿ ರುಜು ಹಾಕಿದ ಕಾಗದ ಕಳಿಸಿಕೊಟ್ಟ.

ಈಗ ಒಂದಾಗುತ್ತಲೇ ಮೇಸ್ತ್ರಿ ಅಕ್ಕ ಬೀದಿ ದಾಟಿ ಮನೆಗೆ ಬರುತ್ತಾಳೆ. ಫ್ಯಾನಿನ ಕೆಳಗಿನ ಮಂಚ ಕಂಪ್ಯೂಟರಿನ ಪಕ್ಕದಲ್ಲೇ ಇದೆ. "ಏಳಿ, ನಿಮ್ಮ ಟಪಟಪ ಬೇಡ, ನನಗೆ ನಿದ್ದೆ" ಎನ್ನುತ್ತಾಳೆ. ಐದ್ನಿಮಿಷ ಟವಲು ಹೆಗಲಿಗೆ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು ಮಾಳಿಗೆ ಹತ್ತುತ್ತಾನೆ. ನಾನು ಹೋದಾಗಲೆಲ್ಲ ನೀರಿನ ಟ್ಯಾಂಕಿನ ಎರಡು ಮೊಳದ ನೆರಳಿನಲ್ಲಿ ಮೊಣಕಾಲು ಮಡಚಿ ಕೂತಿರುತ್ತಾನೆ.

"ಹೆಂಗಿದೆಯೋ ಬಿಸಿಲು?" ಎಂದು ಕೇಳಿದರೆ, "ಅದನ್ನ ಅಳೆಯೋನು ಇಸ್ತ್ರಿ ಮನೇಲಿದ್ದಾನೆ, ನನಗೇನು ಗೊತ್ತು?" ಎನ್ನುತ್ತಾನೆ. ಮೂರು ಗಂಟೆಗೆ ಕೆಳಗಿನಿಂದ ಚಿಲಕದ ಸದ್ದು ಕೇಳುವ ತನಕ ಇಬ್ಬರೂ ಅಲ್ಲೇ ಬೇಯುತ್ತ ಕೂರುತ್ತೇವೆ.